ಆಡದವರ ಪಟ್ಟಿ ಹಿಡಿದು ಮ್ಯಾಚ್‌ಗೆ ಹೋದದ್ದು

2024ರ ನವೆಂಬರ್ 30, ಶನಿವಾರ, ಬೆಳಗ್ಗೆ ಹತ್ತು ಗಂಟೆ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನ ಲೇನ್ ಅವೆನ್ಯೂನಲ್ಲಿ ಕೆಂಪು ಜಾಕೆಟ್ ಹಾಕಿದ ಸಾವಿರಾರು ಜನರ ಮಧ್ಯೆ ಒಂದು ಕೈಯಲ್ಲಿ ಅಪ್ಪನ ತೋಳು, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದೆ. ಚಳಿ ಸೊನ್ನೆಗಿಂತ ಕೆಳಗೆ. ಕೈಗವಸು ಹಾಕಿಕೊಂಡರೆ ಫೋನ್ ಕೆಲಸ ಮಾಡಲ್ಲ, ತೆಗೆದರೆ ಬೆರಳು ಮರಗಟ್ಟುತ್ತದೆ. ತೆಗೆದೇ ಇದ್ದೆ.

"ಏನ್ಲಾ ಅದು, ಆಗಿಂದ ನೋಡ್ತಾ ಇದ್ದೀಯ?"

"ಪಟ್ಟಿ ಬರುತ್ತೆ ಅಪ್ಪ ಈಗ. ಯಾರ್ಯಾರು ಆಡಲ್ಲ ಅಂತ."

"ಆಡೋರ ಪಟ್ಟಿ ಕೊಡಾಕಿಲ್ವಾ?"

ಆ ಪ್ರಶ್ನೆಗೆ ನಕ್ಕುಬಿಟ್ಟೆ. ಸಾಯಂಕಾಲದ ಹೊತ್ತಿಗೆ ನಗು ಇರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಕಡೆಯ ಫುಟ್‌ಬಾಲ್ ಅಲ್ಲ, ಅಮೆರಿಕದ್ದು. ಚೆಂಡು ಮೊಟ್ಟೆ ಆಕಾರದ್ದು. ಕಾಲಿಗಿಂತ ಕೈಯಲ್ಲೇ ಜಾಸ್ತಿ ಹೊತ್ತು ಇರುತ್ತದೆ. "ಕೈಯಲ್ಲಿ ಹಿಡ್ಕೊಂಡು ಓಡೋದಕ್ಕೆ ಫುಟ್‌ಬಾಲ್ ಅಂತ ಯಾಕಂತಾರೆ" ಅಂತ ಅಮ್ಮ ಮೂರು ಸಲ ಕೇಳಿದ್ದಾಳೆ, ನನ್ನ ಹತ್ತಿರ ಉತ್ತರ ಇಲ್ಲ. ನಾನು ಈ ಊರಿಗೆ ಬಂದು ಒಂಬತ್ತು ವರ್ಷ. ಮೊದಲ ಎರಡು ವರ್ಷ ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಬೇರೆ ದಾರಿ ಇರಲಿಲ್ಲ, ಕೊಲಂಬಸ್‌ನಲ್ಲಿದ್ದು ಇಲ್ಲಿನ ಯೂನಿವರ್ಸಿಟಿ ಒಹಾಯೊ ಸ್ಟೇಟ್ ಆಟ ನೋಡಲ್ಲ ಅನ್ನುವುದು ಮೈಸೂರಲ್ಲಿ ಮನೆ ಮಾಡಿಕೊಂಡು ಜಂಬೂ ಸವಾರಿ ಯಾವತ್ತು ಅಂತ ಕೇಳಿದ ಹಾಗೆ. ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಕಾಲೇಜು ಹುಡುಗರ ಆಟಕ್ಕೆ!

ಅದರಲ್ಲೂ ನವೆಂಬರ್ ಕೊನೆಯ ಶನಿವಾರ ಪಕ್ಕದ ರಾಜ್ಯದ ಮಿಶಿಗನ್ ಯೂನಿವರ್ಸಿಟಿ ಬರುತ್ತದೆ ಅಂದರೆ ಮುಗಿಯಿತು. ಆ ವಾರ ಕ್ಯಾಂಪಸ್‌ನಲ್ಲಿ ಇರುವ ಬೋರ್ಡ್‌ಗಳಲ್ಲೆಲ್ಲ ಇಂಗ್ಲಿಷ್‌ನ ಎಂ ಅಕ್ಷರದ ಮೇಲೆ ಕೆಂಪು ಟೇಪಿನಿಂದ ಅಡ್ಡಗೆರೆ ಹೊಡೆಯುತ್ತಾರೆ. ಎದುರಾಳಿಯ ಹೆಸರನ್ನೇ ಹೇಳಲ್ಲ, "ಆ ಮೇಲಿನ ಕಡೆಯ ಟೀಮ್" ಅನ್ನುತ್ತಾರೆ. ನನ್ನ ಮಗಳು ಎರಡನೇ ಕ್ಲಾಸು. ಅಡುಗೆಮನೆಯಲ್ಲಿದ್ದ ಎಂಟಿಆರ್ ಪುಳಿಯೋಗರೆ ಪ್ಯಾಕೆಟ್ಟಿನ ಎಂ ಮೇಲೂ ಕೆಂಪು ಪೆನ್ನಲ್ಲಿ ಗೀಟು ಎಳೆದಿದ್ದಳು. "ಹಂಗಾದ್ರೆ ಮಂಡ್ಯದ ಎಂಗೂ ಹೊಡಿ" ಅಂತ ಅಪ್ಪ ಅವಳನ್ನು ರೇಗಿಸಿದರೆ, ಅವಳು ಸೀರಿಯಸ್ಸಾಗಿ ಯೋಚನೆ ಮಾಡಿ "ಈ ವಾರ ಮಾತ್ರ ತಾತ" ಅಂದಳು.

ಈ ಹಟಕ್ಕೆ ಕಾರಣ ಇತ್ತು. 2021ರಲ್ಲಿ 42-27, 2022ರಲ್ಲಿ ನಮ್ಮ ಊರಲ್ಲೇ 45-23, 2023ರಲ್ಲಿ 30-24. ಮೂರು ವರ್ಷ ಸಾಲಾಗಿ ಸೋತಿದ್ದೆವು. ಮೂರನೇ ವರ್ಷ ಮಿಶಿಗನ್ ಅಲ್ಲಿಗೇ ನಿಲ್ಲದೆ ದೇಶದ ಚಾಂಪಿಯನ್ನೂ ಆಯಿತು.

ಆದರೆ 2024 ಬೇರೆ ತರಹ ಇತ್ತು. ಅವರ ಕೋಚ್ ಜಿಮ್ ಹಾರ್ಬಾ ಪ್ರೊಫೆಷನಲ್ ಲೀಗಿಗೆ ಹೋಗಿದ್ದರು, ಚೆಂಡು ಎಸೆಯುವ ಜೆ.ಜೆ. ಮೆಕಾರ್ಥಿಯೂ ಹೋಗಿದ್ದ. ಅವರು ಆರು ಗೆದ್ದು ಐದು ಸೋತಿದ್ದರು. ನಾವು ಹತ್ತು ಗೆದ್ದು ಒಂದು ಸೋತಿದ್ದೆವು, ಅದೂ ಆರೆಗಾನ್ ಎದುರು ಒಂದೇ ಪಾಯಿಂಟಿನಲ್ಲಿ. ದೇಶದಲ್ಲಿ 2ನೇ ಸ್ಥಾನ. ಬೆಟ್ಟಿಂಗ್ ಕಂಪನಿಗಳು ನಾವು ಸುಮಾರು 20 ಪಾಯಿಂಟ್ ಅಂತರದಲ್ಲಿ ಗೆಲ್ಲುತ್ತೇವೆ ಅಂತ ಲೆಕ್ಕ ಹಾಕಿದ್ದವು. ಆಫೀಸಿನ ಬೋರ್ಡಿನ ಮೇಲೆ ಎಲ್ಲರೂ ಸ್ಕೋರ್ ಊಹೆ ಬರೆಯಬೇಕಿತ್ತು, ಗೆದ್ದವರಿಗೆ ಒಂದು ಡಬ್ಬ ಡೋನಟ್. ಹದಿನಾರು ಜನ ಬರೆದಿದ್ದೆವು. ಎಲ್ಲರಿಗಿಂತ ಹೆದರಿಕೆಯವನು ಕೂಡ 14 ಪಾಯಿಂಟ್ ಅಂತರ ಬರೆದಿದ್ದ. ನಾನು 35-10 ಬರೆದೆ. ಹತ್ತು ಸರಿಯಾಗಿಯೇ ಬಂತು, ಯಾರದ್ದು ಅನ್ನುವುದು ಮಾತ್ರ ತಪ್ಪಾಯಿತು.

ಈಗ ಪಟ್ಟಿಯ ವಿಷಯ.

ಈ ಆಟದಲ್ಲಿ ಒಂದೊಂದು ಟೀಮಿನಲ್ಲಿ ನೂರಕ್ಕಿಂತ ಜಾಸ್ತಿ ಹುಡುಗರಿರುತ್ತಾರೆ, ಅಂಗಳದಲ್ಲಿ ಒಂದು ಸಲಕ್ಕೆ ಹನ್ನೊಂದು ಜನ. ಪೆಟ್ಟು ಬೀಳದ ವಾರವೇ ಇಲ್ಲ. ಆದರೆ ಯಾರಿಗೆ ಎಲ್ಲಿ ಪೆಟ್ಟು, ಶನಿವಾರ ಆಡುತ್ತಾನೋ ಇಲ್ಲವೋ ಅಂತ ಕಾಲೇಜು ಕೋಚುಗಳು ಬಾಯಿ ಬಿಡುತ್ತಿರಲಿಲ್ಲ. ಪ್ರೊಫೆಷನಲ್ ಲೀಗಿನಲ್ಲಿ ಇದನ್ನು ಹೇಳಲೇಬೇಕು ಅನ್ನುವ ನಿಯಮ ಬಹಳ ಹಿಂದಿನಿಂದ ಇದೆ. ಕಾಲೇಜಿನಲ್ಲಿ ಇರಲಿಲ್ಲ. ಇವರು ವಿದ್ಯಾರ್ಥಿಗಳು, ಆರೋಗ್ಯದ ವಿಷಯ ಖಾಸಗಿ ಅನ್ನುವುದು ಒಂದು ಕಾರಣ. ಇನ್ನೊಂದು, ಎದುರಾಳಿಗೆ ಯಾಕೆ ಹೇಳಬೇಕು ಅಲ್ವಾ?

ಅಪ್ಪನಿಗೆ ಇದನ್ನು ವಿವರಿಸುವ ಕಷ್ಟವೇ ಬರಲಿಲ್ಲ. ಅಪ್ಪ ಮೂವತ್ತು ವರ್ಷ ಹಿಂದೆ ನಮ್ಮೂರ ಕಬಡ್ಡಿ ಟೀಮು ನಡೆಸುತ್ತಿದ್ದವನು. ಹಬ್ಬದ ಟೂರ್ನಮೆಂಟು ಬಂದರೆ ಹಿಂದಿನ ರಾತ್ರಿ ಒಬ್ಬೊಬ್ಬರ ಮನೆಗೂ ಹೋಗಿ ಮಂಡಿ, ಹಿಮ್ಮಡಿ ಒತ್ತಿ ನೋಡಿ ಬರುತ್ತಿದ್ದ. ಒಳ್ಳೆ ರೈಡರ್‌ಗೆ ಎಡಗಾಲು ಉಳುಕಿದ್ದರೆ ಬಲಗಾಲಿಗೆ ದಪ್ಪ ಪಟ್ಟಿ ಕಟ್ಟಿಸಿ ಅಂಕಣಕ್ಕೆ ಇಳಿಸುವುದು. ಎದುರಿನವರು ಪಟ್ಟಿ ಕಟ್ಟಿದ ಕಾಲಿಗೇ ಕೈ ಹಾಕುತ್ತಾರೆ, ನೋವಿನ ಕಾಲು ಉಳಿಯುತ್ತದೆ. "ನಾವು ಹಂಗೆ ಎರಡು ಶೀಲ್ಡ್ ತಂದಿದ್ದೀವಿ" ಅಂತ ಅಪ್ಪ ಹೆಮ್ಮೆಯಿಂದಲೇ ಹೇಳಿದ. "ಈ ಕೋಚುಗಳಿಗೆ ಅಷ್ಟೂ ಗೊತ್ತಿರಲ್ವಾ?"

ಗೊತ್ತಿತ್ತು. ಬೆಟ್ಟಿಂಗ್ ಬಂದು ಅದನ್ನು ಬದಲಾಯಿಸಿತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನಿಂದ ರಾಜ್ಯಗಳು ಆಟದ ಬೆಟ್ಟಿಂಗನ್ನು ಕಾನೂನುಬದ್ಧ ಮಾಡಬಹುದು ಅಂತಾಯಿತು. ಒಹಾಯೊದಲ್ಲಿ 2023ರ ಜನವರಿ 1ರಿಂದ ಶುರು. ಆಮೇಲೆ ಒಳಗಿನ ಸುದ್ದಿಗೆ ಬೆಲೆ ಬಂತು. ಇಂಥವನು ಆಡಲ್ಲ ಅಂತ ಒಂದು ಗಂಟೆ ಮುಂಚೆ ಗೊತ್ತಾದರೆ ಅದು ದುಡ್ಡು. ಹುಡುಗರಿಗೆ, ಅವರ ರೂಮ್‌ಮೇಟ್‌ಗಳಿಗೆ, ಕಾಲಿಗೆ ಐಸ್ ಕಟ್ಟುವ ಸಹಾಯಕರಿಗೆ ಎಲ್ಲಾ ಕಡೆಯಿಂದ ಒತ್ತಡ ಬರುವ ಭಯ. ಅದಕ್ಕೇ ಒಹಾಯೊ ಸ್ಟೇಟ್, ಮಿಶಿಗನ್ ಎರಡೂ ಇರುವ ನಮ್ಮ ಬಿಗ್ ಟೆನ್ ಅನ್ನುವ ಕಾಲೇಜುಗಳ ಕೂಟದವರು 2023ರಿಂದ ಒಂದು ನಿಯಮ ಮಾಡಿದರು. ಆಟಕ್ಕೆ ಎರಡು ಗಂಟೆ ಮುಂಚೆ ಎರಡೂ ಟೀಮು ಪಟ್ಟಿ ಕೊಡಬೇಕು. ಎರಡೇ ವಿಭಾಗ: ಆಡುವುದಿಲ್ಲ, ಅನುಮಾನ. ಏನು ಗಾಯ ಅಂತ ಬರೆಯುವ ಹಾಗಿಲ್ಲ, ಬರೀ ಹೆಸರು. ದಕ್ಷಿಣದ ಎಸ್‌ಇಸಿ ಕೂಟದವರು 2024ರಲ್ಲಿ ಶುರು ಮಾಡಿದರು, ಅವರದ್ದು ಇನ್ನೂ ಬಿಗಿ. ಮೂರು ದಿನ ಮುಂಚಿನಿಂದ ದಿನಾ ಕೊಡಬೇಕು, ತಪ್ಪಿದರೆ ದಂಡ. ನಮ್ಮದು ಎರಡೇ ಗಂಟೆ. ಉಳಿದ ಆರು ದಿನ ಸುಮ್ನೆ ಗಾಳಿಸುದ್ದಿ ತಿಂದುಕೊಂಡು ಬದುಕಬೇಕು.

ಆ ವಾರ ನಾನು ಅದನ್ನೇ ಮಾಡಿದೆ.

ಸೋಮವಾರ ಸಹೋದ್ಯೋಗಿಯೊಬ್ಬರು ಟಿಕೆಟ್ ಕೊಟ್ಟರು. ಥ್ಯಾಂಕ್ಸ್‌ಗಿವಿಂಗ್‌ಗೆ ಫ್ಲಾರಿಡಾದಲ್ಲಿ ಮಗಳ ಮನೆಗೆ ಹೋಗುತ್ತಿದ್ದರು, ಎರಡು ಸೀಟು ಖಾಲಿ ಇತ್ತು. ಅಂದಿನಿಂದ ನನಗೆ ಕೆಲಸದಲ್ಲಿ ಮನಸ್ಸು ಇಲ್ಲ. ಮಿಶಿಗನ್ನಿನ ವಿಲ್ ಜಾನ್ಸನ್ ಆಡುತ್ತಾನಾ? ಅವರ ಕಡೆ ನಮ್ಮ ಚೆಂಡು ಹಿಡಿಯುವವರನ್ನು ಬೆನ್ನು ಬಿಡದೆ ಕಾಯುವುದರಲ್ಲಿ ಅವನೇ ಎತ್ತಿದ ಕೈ, ಆದರೆ ಕಾಲ್ಬೆರಳಿನ ಗಾಯ ಅಂತ ಅಕ್ಟೋಬರ್‌ನಿಂದ ಕೂತಿದ್ದ. ಅವನಿಲ್ಲ ಅಂದರೆ ನಮ್ಮ ಜೆರೆಮಿಯಾ ಸ್ಮಿತ್‌ನನ್ನು ತಡೆಯುವವರು ಯಾರು? ಮೊದಲ ವರ್ಷದ ಹುಡುಗ, ಇಡೀ ದೇಶ ಅವನ ಮಾತೇ ಆಡುತ್ತಿತ್ತು. ಇನ್ನು ಅವರ ಕೋಲ್‌ಸ್ಟನ್ ಲವ್‌ಲ್ಯಾಂಡ್, ಆ ವರ್ಷ ಅವರ ಟೀಮಿನಲ್ಲಿ ಎಲ್ಲರಿಗಿಂತ ಜಾಸ್ತಿ ಪಾಸು ಹಿಡಿದವನು. ಅವನೂ ಡೌಟು ಅಂತ ಗುಸುಗುಸು.

ಗುರುವಾರ ರಾತ್ರಿ ನಮ್ಮ ಐದಾರು ಕನ್ನಡ ಮನೆಗಳು ಸೇರಿದ್ದೆವು. ಟರ್ಕಿ ಕೋಳಿ ಒಂದು ಕಡೆ, ಬಿಸಿಬೇಳೆಬಾತ್ ಇನ್ನೊಂದು ಕಡೆ. ಡೆಟ್ರಾಯಿಟ್ ಪಕ್ಕದ ನೋವೈಯಿಂದ ಹಾಸನದ ಗೆಳೆಯನೊಬ್ಬ ಬಂದಿದ್ದ. ಮಿಶಿಗನ್‌ನಲ್ಲಿ ಓದಿದವನು, ವರ್ಷಪೂರ್ತಿ ಹಳದಿ ಟೋಪಿ. ಮೂರು ವರ್ಷ ನನ್ನನ್ನು ಗೋಳು ಹುಯ್ದುಕೊಂಡವನು ಆ ರಾತ್ರಿ ಬೆಕ್ಕಿನ ಹಾಗೆ ಕೂತಿದ್ದ. ಅವನ ಹತ್ತಿರವೂ ಮ್ಯಾಚಿಗೆ ಟಿಕೆಟ್ ಇತ್ತು. "ಜಾನ್ಸನ್ ಇಲ್ಲ, ಲವ್‌ಲ್ಯಾಂಡೂ ಇಲ್ಲ ಅಂದ್ರೆ ಏನ್ ನೋಡೋಕೆ ಹೋಗ್ಲಿ ಮಾರಾಯ, ಚಳೀಲಿ ಕೂತು ಮರ್ಯಾದೆ ಕಳ್ಕೊಳ್ಳೋಕಾ?" ಅಂದ. ಶುಕ್ರವಾರ ಬೆಳಗ್ಗೆ ಟಿಕೆಟ್ ಮಾರಿ, ಒಳ್ಳೇ ರೇಟು ಬಂತು ಅಂತ ಖುಷಿಯಾಗಿ ವಾಪಸ್ ಡ್ರೈವ್ ಮಾಡಿಕೊಂಡು ಹೋದ. ಈ ವಿಷಯ ಅವನ ಮುಂದೆ ಈಗಲೂ ಎತ್ತುವ ಹಾಗಿಲ್ಲ.

ಸರಿ, ಶನಿವಾರ. ಮಧ್ಯಾಹ್ನ 12ಕ್ಕೆ ಆಟ, ಹತ್ತಕ್ಕೆ ಪಟ್ಟಿ. ಬೇಗ ಹೊರಟು ದೂರದಲ್ಲಿ ಕಾರು ನಿಲ್ಲಿಸಿ ನಡೆದೆವು. ಅಮ್ಮ ಕಟ್ಟಿಕೊಟ್ಟ ಚಪಾತಿ ಸುರುಳಿ ಕಾರಿನಲ್ಲೇ ತಿಂದು ಮುಗಿಸಬೇಕಾಯಿತು, ಒಳಗೆ ಬಿಡಲ್ಲ. ಬ್ಯಾಗು ಕೂಡ ಆರಪಾರ ಕಾಣುವ ಪ್ಲಾಸ್ಟಿಕ್ಕಿನದೇ ಇರಬೇಕು. ಅಪ್ಪನ ಎರಡು ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ನೋಡಿ ಒಬ್ಬ ಹುಡುಗ "ಕೂಲ್ ಹ್ಯಾಟ್" ಅಂದ. ಸೇಂಟ್ ಜಾನ್ ಅರೀನಾ ಕಡೆಯಿಂದ ಬ್ಯಾಂಡಿನವರ ಸದ್ದು ಕೇಳುತ್ತಿತ್ತು. ಆಗ ಫೋನ್ ಗುಂಯ್‌ಗುಟ್ಟಿತು.

ಸುತ್ತಲೂ ನೂರಾರು ಜನ ಒಟ್ಟಿಗೆ ತಲೆ ತಗ್ಗಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರಿಸಲ್ಟ್ ಬೋರ್ಡ್ ಮುಂದೆ ನಿಂತ ಎಸ್ಸೆಸ್ಸೆಲ್ಸಿ ಹುಡುಗರ ಹಾಗೆ. ನಾನು ಮೊದಲು ನೋಡಿದ್ದು ಮಿಶಿಗನ್ ಕಡೆ. ಜಾನ್ಸನ್, ಇಲ್ಲ. ಲವ್‌ಲ್ಯಾಂಡ್, ಇಲ್ಲ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಪರಿಚಯವೇ ಇಲ್ಲದ ನನ್ನ ಬೆನ್ನು ತಟ್ಟಿದರು. ಯಾರೋ ಕೇಕೆ ಹಾಕಿದರು. ಆಮೇಲೆ ನಮ್ಮ ಕಡೆಯ ಪಟ್ಟಿಯನ್ನು ಬೆರಳಲ್ಲಿ ಸರ್ರನೆ ತಳ್ಳಿದೆ. ಜಾಶ್ ಸಿಮನ್ಸ್. ಸೆತ್ ಮೆಕ್‌ಲಾಫ್ಲಿನ್. ಅವೆಲ್ಲ ಹಳೇ ಸುದ್ದಿ. ಸಿಮನ್ಸ್ ಅಕ್ಟೋಬರ್ 12ರ ಆರೆಗಾನ್ ಆಟದಲ್ಲೇ ಮಂಡಿ ಕಳೆದುಕೊಂಡಿದ್ದ. ಮೆಕ್‌ಲಾಫ್ಲಿನ್ ಹನ್ನೊಂದು ದಿನಗಳ ಹಿಂದೆ ಪ್ರಾಕ್ಟೀಸಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಿದ್ದ. ಅವರಿಬ್ಬರೂ ಇಲ್ಲದೆಯೇ ಹಿಂದಿನ ಶನಿವಾರ ಇಂಡಿಯಾನಾವನ್ನು 38-15ರಲ್ಲಿ ಹೊಡೆದಿದ್ದೆವಲ್ಲ! ಹೊಸ ಹೆಸರು ಯಾವುದೂ ಇಲ್ಲ ಅಂತ ಫೋನ್ ಜೇಬಿಗೆ ಹಾಕಿ, ಕೈಗವಸು ಹಾಕಿಕೊಂಡೆ.

"ಗೆದ್ವಾ?" ಅಂದ ಅಪ್ಪ.

"ಹೆಚ್ಚು ಕಮ್ಮಿ" ಅಂದೆ.

ನಮ್ಮ ಸೀಟು ಮೇಲಿನ ಸಿ ಡೆಕ್‌ನಲ್ಲಿ. ಆಟಗಾರರು ಇರುವೆಯಷ್ಟು ಕಾಣುತ್ತಾರೆ, ಆದರೆ ಎರಡೂ ಕಡೆಯವರು ಎಲ್ಲಿ ನಿಲ್ಲುತ್ತಾರೆ, ಯಾರು ಯಾರನ್ನು ತಳ್ಳುತ್ತಾರೆ ಅನ್ನುವುದು ನಕ್ಷೆಯ ಹಾಗೆ ಕಾಣುತ್ತದೆ. ಬ್ಯಾಂಡಿನವರು ಅಂಗಳದಲ್ಲಿ ಒಹಾಯೊ ಅಂತ ಅಕ್ಷರ ಬರೆದು, ದೊಡ್ಡ ಸೂಸಫೋನ್ ಹೊತ್ತವನು ಹೋಗಿ ಐ ಅಕ್ಷರದ ಚುಕ್ಕೆಯಾಗಿ ನಿಂತು ಬಗ್ಗಿದಾಗ ಅಪ್ಪ ಚಪ್ಪಾಳೆ ಹೊಡೆದ. ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು.

ಆಟದ ವಿವರ ಪೂರ್ತಿ ಬರೆಯುವಷ್ಟು ಧೈರ್ಯ ನನಗೆ ಇಲ್ಲ. ನಮ್ಮ ಕಡೆ ಚೆಂಡು ಎಸೆಯುವ ವಿಲ್ ಹೋವರ್ಡ್‌ನ ಒಂದು ಚೆಂಡನ್ನು ನಮ್ಮ ಗೋಲಿನ ಹತ್ತಿರವೇ ಅವರು ಹಿಡಿದರು, ಅದರಿಂದ ಅವರಿಗೆ ಏಳು ಪಾಯಿಂಟ್. ಚೆಂಡನ್ನು ಕಂಬಗಳ ಮಧ್ಯೆ ಒದ್ದು ಮೂರು ಪಾಯಿಂಟ್ ತರಬೇಕಾದ ನಮ್ಮ ಕಿಕ್ಕರ್ ಎರಡು ಸಲ ಗುರಿ ತಪ್ಪಿದ. ಸ್ಮಿತ್ ಕೊನೆಯ ಗೆರೆಯಾಚೆ ಚೆಂಡು ಹಿಡಿದು ಒಂದು ಟಚ್‌ಡೌನ್ ಮಾಡಿದ. ಅರ್ಧ ಆಟಕ್ಕೆ 10-10. ನನ್ನ ಹಿಂದಿನ ಸಾಲಿನವರು ಇನ್ನೂ ನಗುತ್ತಿದ್ದರು, ದ್ವಿತೀಯಾರ್ಧದಲ್ಲಿ ನೋಡು ಅಂತ. ನಾನೂ ಅದನ್ನೇ ಅಂದುಕೊಂಡೆ. ಜಾನ್ಸನ್ ಇಲ್ಲವಲ್ಲ, ಒಂದಲ್ಲ ಒಂದು ದೊಡ್ಡ ಪಾಸು ಬಿದ್ದೇ ಬೀಳುತ್ತದೆ.

ಅಪ್ಪ ಮಾತಾಡದೆ ಕೂತಿದ್ದ. ಅವನಿಗೆ ನಿಯಮ ಅರ್ಧಂಬರ್ಧ ಗೊತ್ತು, ಆದ್ದರಿಂದ ಚೆಂಡು ನೋಡುವುದನ್ನು ಬಿಟ್ಟಿದ್ದ. ಮಧ್ಯದಲ್ಲಿ ಎದುರುಬದುರು ಕುಕ್ಕರಗಾಲಲ್ಲಿ ಬಗ್ಗಿ ನಿಲ್ಲುವ ದಪ್ಪ ಹುಡುಗರನ್ನೇ ನೋಡುತ್ತಿದ್ದ. ಕಬಡ್ಡಿಯವನ ಕಣ್ಣು ಅದು.

"ನಮ್ಮೋನು, ಆ ಮಧ್ಯದಲ್ಲಿ ಚೆಂಡು ಕಾಲಸಂದೀಲಿ ಹಿಂದಕ್ಕೆ ಕೊಡ್ತಾನಲ್ಲ, ಅವನು ಪ್ರತಿ ಸಲ ಹಿಂದಕ್ಕೆ ಸರೀತಾ ಅವ್ನೆ ನೋಡ್ಲಾ. ಹೊಸಬನಾ?"

"ಹೊಸಬ ಅಲ್ಲ. ಪಕ್ಕದ ಜಾಗದಲ್ಲಿ ಆಡ್ತಿದ್ದ. ಮೊದಲಿನವನಿಗೆ ಪೆಟ್ಟು ಬಿತ್ತು ಅಂತ ಇವನನ್ನ ಇಲ್ಲಿಗೆ ತಂದ್ರು."

"ಆ ತುದೀಲಿ ಇರೋನು?"

"ಅವನೂ ಒಳಗಿನ ಜಾಗದವನು. ತುದಿಯವನಿಗೂ ಪೆಟ್ಟು."

"ಮತ್ತೆ ಇದು ನಿನ್ನ ಪಟ್ಟೀಲಿ ಇರ್ಲಿಲ್ವಾ?"

ಇತ್ತು. ನಾನೇ ಬೆರಳಲ್ಲಿ ತಳ್ಳಿಬಿಟ್ಟಿದ್ದೆ. ಮೆಕ್‌ಲಾಫ್ಲಿನ್ ಇಲ್ಲ ಅಂತ ಕಾರ್ಸನ್ ಹಿನ್ಜ್‌ಮನ್ ಮಧ್ಯಕ್ಕೆ ಬಂದಿದ್ದ. ಸಿಮನ್ಸ್ ಇಲ್ಲ ಅಂತ ಡಾನವನ್ ಜಾಕ್ಸನ್ ಎಡ ತುದಿಗೆ ಹೋಗಿದ್ದ. ಎಸೆಯುವವನನ್ನು ಕಾಯುವ, ಓಡುವವನಿಗೆ ದಾರಿ ಮಾಡುವ ಐದು ಜನರ ಗೋಡೆಯಲ್ಲಿ ಇಬ್ಬರು ತಮ್ಮ ಜಾಗ ಬಿಟ್ಟು ನಿಂತಿದ್ದರು. ಅವರ ಎದುರಿಗೆ ಯಾರು? ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್. ಇಬ್ಬರೂ 140 ಕೆಜಿ ಮೇಲೆ. ಮುಂದಿನ ವರ್ಷ ಪ್ರೊಫೆಷನಲ್ ಲೀಗಿನವರು (ಎನ್‌ಎಫ್‌ಎಲ್) ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಗ್ರಹಾಂ 5ನೆಯವನಾಗಿ, ಗ್ರಾಂಟ್ 13ನೆಯವನಾಗಿ ಆಯ್ಕೆಯಾದರು. ಇಡೀ ವಾರ ನಾನು ಇವರಿಬ್ಬರ ಹೆಸರನ್ನು ಒಂದು ಸಲವೂ ಹುಡುಕಿರಲಿಲ್ಲ. ಯಾಕೆಂದರೆ ಅವರಿಗೆ ಏನೂ ಆಗಿರಲಿಲ್ಲ, ಹಾಗಾಗಿ ಅವರ ಬಗ್ಗೆ ಸುದ್ದಿಯೇ ಇರಲಿಲ್ಲ.

ಇದನ್ನು ನಮ್ಮ ಕೋಚ್ ರಯಾನ್ ಡೇ ನೋಡಲಿಲ್ಲವೋ ಏನೋ, ಅಥವಾ ಮೂರು ವರ್ಷದಿಂದ "ಒಹಾಯೊ ಗಟ್ಟಿ ಅಲ್ಲ" ಅಂತ ಅನ್ನಿಸಿಕೊಂಡ ಸಿಟ್ಟೋ, ಮತ್ತೆ ಮತ್ತೆ ಚೆಂಡನ್ನು ಅದೇ ಮಧ್ಯಕ್ಕೇ ಓಡಿಸಿದರು. ಹೊರಗಡೆ ಸ್ಮಿತ್ ಇದ್ದ. ಅವನನ್ನು ಕಾಯಬೇಕಾದ ಜಾನ್ಸನ್ ಮಫ್ತಿಯಲ್ಲಿದ್ದ. ಆದರೂ ಒಳಗೇ. ಇಡೀ ಆಟದಲ್ಲಿ ಓಡಿ ಚೆಂಡನ್ನು ಮುಂದಕ್ಕೆ ಒಯ್ದದ್ದು 77 ಗಜ ಅಷ್ಟೇ. ನನ್ನ ಪ್ರಕಾರ ಆಟ ಹೋದದ್ದು ಅಲ್ಲೇ, ಕಿಕ್ಕರ್ ಮೇಲೆ ಎಲ್ಲರೂ ಹಾಕಿದ ತಪ್ಪು ಅರ್ಧ ಮಾತ್ರ ನಿಜ.

ಅವರ ಕಡೆ ಲವ್‌ಲ್ಯಾಂಡ್ ಇರಲಿಲ್ಲ, ಅದು ಅವರಿಗೆ ನಿಜವಾಗಲೂ ಕಷ್ಟ ಕೊಟ್ಟಿತು. ಪಾಸು ಎಸೆದು ಗಳಿಸಿದ್ದು 62 ಗಜ ಅಷ್ಟೇ. ಆ ಲೆಕ್ಕ ಹೇಳಿದರೆ ಯಾರೂ ಗೆದ್ದರು ಅಂತ ನಂಬಲ್ಲ. ಅವರು ಅದನ್ನು ಒಪ್ಪಿಕೊಂಡು, ಎಸೆಯುವ ಆಸೆ ಬಿಟ್ಟು, ಕಲೆಲ್ ಮಲ್ಲಿಂಗ್ಸ್ ಕೈಗೆ 32 ಸಲ ಚೆಂಡು ಕೊಟ್ಟರು. 116 ಗಜ. ಕೊನೆಯಲ್ಲೂ ಅವನೇ ನಮ್ಮ ಮಂದಿಯನ್ನು ಕೊಡವಿಕೊಂಡು ಒಂದು ಉದ್ದ ಓಟ ಓಡಿದ. 45 ಸೆಕೆಂಡ್ ಉಳಿದಾಗ ಡಾಮಿನಿಕ್ ಜ್ವಾಡಾ 21 ಗಜದಿಂದ ಒದ್ದ. 13-10.

ಒಂದು ಲಕ್ಷ ಜನ ಒಟ್ಟಿಗೆ ಸುಮ್ಮನಾದರೆ ಹೇಗಿರುತ್ತದೆ ಅಂತ ಅಂದು ಗೊತ್ತಾಯಿತು. ಒಂದು ಮೂಲೆಯಲ್ಲಿ ಹಳದಿ ಬಟ್ಟೆಯವರು ಕುಣಿಯುತ್ತಿದ್ದದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮಿಶಿಗನ್ ಹುಡುಗರು ಬಾವುಟ ತಂದು ನಮ್ಮ ಅಂಗಳದ ಮಧ್ಯದಲ್ಲಿ ಊರಲು ಹೋದರು, ತಳ್ಳಾಟ ಆಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಎರಡೂ ಟೀಮಿಗೆ ತಲಾ 1 ಲಕ್ಷ ಡಾಲರ್ ದಂಡ ಬಿತ್ತು. ಮೇಲಿನಿಂದ ನೋಡುತ್ತಿದ್ದ ಅಪ್ಪ "ನಮ್ಮೂರ ಟೂರ್ನಮೆಂಟಲ್ಲೂ ಹಿಂಗೇ, ಶೀಲ್ಡ್ ಕೊಡೋ ಹೊತ್ತಿಗೆ ಒಂದು ಜಗಳ ಆಗ್ಲೇಬೇಕು" ಅಂದು ಎದ್ದ.

ಕಾರಿನವರೆಗೆ ಮಾತಿಲ್ಲ. ಫೋನ್ ತೆಗೆದರೆ ನೋವೈ ಗೆಳೆಯನ ಮೆಸೇಜು. ಗೆದ್ದಿದ್ದಕ್ಕೆ ಗೇಲಿ ಅಲ್ಲ, ಬರೀ ಒಂದು ಸಾಲು: "ಟಿಕೆಟ್ ಯಾಕೆ ಮಾರಿದೆನೋ ನಾನು." ಆಫೀಸಿನಲ್ಲಿ ಸೋಮವಾರ ಡೋನಟ್ ಯಾರಿಗೂ ಸಿಗಲಿಲ್ಲ. ಬೋರ್ಡನ್ನು ಯಾರೋ ನಾವು ಬರುವ ಮುಂಚೆಯೇ ಒರೆಸಿದ್ದರು.

ಆ ವರ್ಷದಿಂದ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್‌ಗೆ ಹನ್ನೆರಡು ಟೀಮು ಅಂತ ಮಾಡಿದ್ದರಿಂದ ಸೋತರೂ ಒಹಾಯೊ ಸ್ಟೇಟ್ ಉಳಿದುಕೊಂಡಿತು. ಡಿಸೆಂಬರ್ 21ಕ್ಕೆ ಇಲ್ಲೇ ಟೆನೆಸ್ಸಿ ಮೇಲೆ 42-17. ಆಮೇಲೆ ಆರೆಗಾನ್, ಟೆಕ್ಸಸ್. 2025ರ ಜನವರಿ 20ಕ್ಕೆ ಅಟ್ಲಾಂಟಾದಲ್ಲಿ ನೋಟರ್ ಡೇಮ್ ಎದುರು ಫೈನಲ್. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ಊರಿಗೆ ವಾಪಸ್ ಹೋಗಿದ್ದರು. ಇಲ್ಲಿ ರಾತ್ರಿ ಏಳೂವರೆಗೆ ಆಟ, ಅಂದರೆ ಮಂಡ್ಯದಲ್ಲಿ ಮಾರನೆಯ ಬೆಳಗ್ಗೆ ಆರು. ಶುರುವಾಗಲು ಹತ್ತು ನಿಮಿಷ ಇರುವಾಗ ಅಪ್ಪನ ಫೋನ್ ಬಂತು.

"ಶುರುವಾಯ್ತಾ?"

"ಇನ್ನೂ ಇಲ್ಲ. ಈ ಸಲ ಪಟ್ಟಿ ನೋಡಿಲ್ಲ ಅಪ್ಪ."

"ಪಟ್ಟಿ ಬಿಡ್ಲಾ. ಮಧ್ಯದಲ್ಲಿ ಅದೇ ಹುಡುಗನಾ?"

"ಅದೇ ಹುಡುಗ."

"ಆ ತುದೀಲಿ?"

"ಅವನೇ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಅಮ್ಮ ಯಾರನ್ನೋ ಕರೆಯುವುದು, ಹಾಲಿನವನ ಗಾಡಿಯ ಹಾರನ್ನು ಕೇಳಿಸಿತು.

"ಹಂಗಾದ್ರೆ ಆ ಜಾಗ ಇಷ್ಟೊತ್ತಿಗೆ ರೂಢಿ ಆಗಿರ್ತದೆ. ಹಾಲಿಗೆ ಪಾತ್ರೆ ಕೊಟ್ಬುಟ್ಟು ಬತ್ತೀನಿ, ಫೋನ್ ಇಡಬ್ಯಾಡ" ಅಂದ.

ನಾನು ಇಡಲಿಲ್ಲ. 34-23ಕ್ಕೆ ಮುಗಿಯುವವರೆಗೂ ಫೋನ್ ಟಿವಿ ಪಕ್ಕದಲ್ಲೇ, ಸ್ಪೀಕರಿನಲ್ಲಿ, ಒರಗಿಸಿಟ್ಟಿದ್ದೆ.